ಬೀಳುವವರ ಹಿಂದೆ ನಿಂತವಳು

ದೇವರು ಮುಂದಿನಿಂದ ಮುಟ್ಟುತ್ತಿದ್ದ. ಹಿಂದಿನಿಂದ ಹಿಡಿಯುವ ಕೆಲಸ ಪಾಸ್ಟ್ರಮ್ಮನ ಪಾಲಿಗೆ ಬಂದಿತ್ತು.

ಭಾನುವಾರದ ಸಭೆಯಲ್ಲಿ ಅವಳ ಗಂಡ ಪಾಸ್ಟ್ರು ಒಬ್ಬೊಬ್ಬರ ಹಣೆಯ ಮೇಲೂ ಕೈ ಇಟ್ಟು, "ಬಿಟ್ಟು ಹೋಗು!" ಎಂದು ರೋಗವನ್ನು ಗದರುತ್ತಿದ್ದರು. ರೋಗ ಹೋಗುತ್ತಿತ್ತೋ ಇಲ್ಲವೋ, ಮನುಷ್ಯ ಮಾತ್ರ ಬೀಳುತ್ತಿದ್ದ. ಅಂಗಾತ, ಕಡಿದ ಮರದ ಹಾಗೆ. ಪವಿತ್ರಾತ್ಮದ ವಶದಲ್ಲಿ ಬಿದ್ದವನಿಗೆ ಏಟಾಗುವುದಿಲ್ಲ ಎಂದು ಸಭೆಯ ನಂಬಿಕೆ. ಆದರೆ ನೆಲ ಕಾಂಕ್ರೀಟಿನದು. ಕಾಂಕ್ರೀಟಿಗೆ ಯಾವ ನಂಬಿಕೆಯೂ ಇರಲಿಲ್ಲ. ಹಾಗಾಗಿ ಹಿಂದೆ ಒಬ್ಬರು ನಿಲ್ಲಬೇಕಿತ್ತು.

ಮೊದಲು ಅದಕ್ಕೆ ಒಬ್ಬ ದಪ್ಪನೆಯ ಹಮಾಲಿ ಇದ್ದ. ಅವನ ಭಕ್ತಿ ಎಷ್ಟು ಜೋರೆಂದರೆ, ಪಾಸ್ಟ್ರ ಕೈ ರೋಗಿಯ ಹಣೆಗೆ ತಾಗುವ ಮುಂಚೆಯೇ ಹಿಂದೆ ನಿಂತ ಇವನು ಬಿದ್ದುಹೋಗುತ್ತಿದ್ದ. ಅವನ ಮೇಲೆ ರೋಗಿ. ಅವರಿಬ್ಬರನ್ನೂ ಎಬ್ಬಿಸಿ ಎಬ್ಬಿಸಿ ಸಾಕಾಗಿ, ಒಂದು ದಿನ ಪಾಸ್ಟ್ರಮ್ಮ ತೋಳು ಮೇಲೇರಿಸಿಕೊಂಡು, "ಸರಿ, ಆಚೆ ಹೋಗಣ್ಣ, ನೀನು ಮುಂದೆ ನಿಂತು ಬೀಳು, ನಾನು ಹಿಡೀತೀನಿ" ಎಂದಳು. ಅವತ್ತಿನಿಂದ ಅವಳೇ.

ಹಿಡಿಯುವುದಕ್ಕೂ ಒಂದು ಕ್ರಮವಿದೆ. ಒಂದು ಕಾಲು ಮುಂದೆ, ಒಂದು ಹಿಂದೆ. ಮಂಡಿ ಸ್ವಲ್ಪ ಬಗ್ಗಿರಬೇಕು. ಕತ್ತಿಗೆ ಕೈ ಹಾಕಬಾರದು, ಕಂಕುಳಿಗೆ ಹಾಕಬೇಕು. ಭಾರವನ್ನು ಎದೆಗೆ ತಂದುಕೊಂಡು ಮೂಟೆಯ ಹಾಗೆ ಮೆಲ್ಲಗೆ ಚಾಪೆಗೆ ಇಳಿಸಬೇಕು. ಹೆಂಗಸಾದರೆ ಕಾಲಿನ ಮೇಲೊಂದು ಹೊದಿಕೆ ಎಳೆಯಬೇಕು. ಮತ್ತೆ ಎದ್ದು ಮುಂದಿನವರ ಹಿಂದೆ ಓಡಬೇಕು. ಪಾಸ್ಟ್ರಿಗೆ ಆತ್ಮದ ಅಭಿಷೇಕ ಬಂದ ದಿನ ಜನ ಸಾಲಾಗಿ ಉರುಳುತ್ತಿದ್ದರು. ಅಂಥ ದಿನ ಅವಳಿಗೆ ದೇವರ ಮೇಲೆ ಸ್ವಲ್ಪ ಸಿಟ್ಟು ಬರುತ್ತಿತ್ತು.

ವಾರವೆಲ್ಲ ಆಸ್ಪತ್ರೆಯ ಕಕ್ಕಸು ತೊಳೆಯುವುದು. ಭಾನುವಾರ, ಆಸ್ಪತ್ರೆ ಕೈಬಿಟ್ಟವರನ್ನು ಹಿಡಿಯುವುದು. ಸೊಂಟ ಎರಡೂ ಕೆಲಸಕ್ಕೆ ಒಂದೇ. ಊರಿನವರ ಸೊಂಟವನ್ನೆಲ್ಲ ನೆಟ್ಟಗೆ ಮಾಡಿದ ಗಂಡನ ಕೈ ಅವಳ ಸೊಂಟಕ್ಕೆ ಮಾತ್ರ ನಾಟುತ್ತಿರಲಿಲ್ಲ.

"ನಿನಗೆ ನಂಬಿಕೆ ಕಮ್ಮಿ ಕಣೇ" ಎನ್ನುತ್ತಿದ್ದರು ಪಾಸ್ಟ್ರು.

"ನನ್ನ ನಂಬಿಕೆ ಕಮ್ಮಿ ಅಲ್ಲ ರೀ, ನಿಮ್ಮ ಸಭೆಯವರ ತೂಕ ಜಾಸ್ತಿ."

ಪಾಸ್ಟ್ರು ಆಗುವ ಮುಂಚೆ ಅವರಿಗೆ ಬಹುವಚನ ಇರಲಿಲ್ಲ. 'ಮುಳುಗ' ಎನ್ನುತ್ತಿದ್ದರು. ಊರಿನ ಮ್ಯಾನ್‌ಹೋಲುಗಳಿಗೆ ಇಳಿಯುವ ಗುಂಪಿನಲ್ಲಿ ಅವನಷ್ಟು ಹೊತ್ತು ಉಸಿರು ಕಟ್ಟುವವರು ಬೇರೆ ಯಾರೂ ಇರಲಿಲ್ಲ. ರಸ್ತೆಯ ಮಧ್ಯೆ ಕಬ್ಬಿಣದ ಮುಚ್ಚಳ ಎತ್ತುವುದು. ಸೊಂಟಕ್ಕೆ ಹಗ್ಗ ಕಟ್ಟುವುದು. ಚಡ್ಡಿಯಲ್ಲಿ ಇಳಿಯುವುದು. ಕತ್ತಿನ ಮಟ್ಟ ಊರಿನ ಹೊಲಸು. ಆಮೇಲೆ ಕತ್ತೂ ಒಳಗೆ. ಕತ್ತಲಲ್ಲಿ ಕೈಯಾಡಿಸಿ, ಕಟ್ಟಿಕೊಂಡದ್ದನ್ನು ಬಿಡಿಸುವುದು. ಕೂದಲು, ಚಿಂದಿ, ಗಾಜು, ಬ್ಲೇಡು. ಬರಿಗೈ.

ಮೇಲೆ ಬಂದ ಮೇಲೆ ಆ ಕೈಯನ್ನು ಊರು ನೋಡುತ್ತಿದ್ದ ರೀತಿಯೇ ಬೇರೆ. ಚಹಾದಂಗಡಿಯವನು ಲೋಟವನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಚಿಲ್ಲರೆಯನ್ನು ಮೇಲಿನಿಂದ ಉದುರಿಸುತ್ತಿದ್ದ. ಕ್ಷೌರದಂಗಡಿಯವನು "ಆಮೇಲೆ ಬಾ" ಎನ್ನುತ್ತಿದ್ದ. ಆ ಆಮೇಲೆ ಯಾವತ್ತೂ ಬರಲಿಲ್ಲ. ಹಾಗಾಗಿ ಹೆಂಡತಿಯೇ ಅಡುಗೆಮನೆಯ ಕತ್ತರಿಯಿಂದ ಕೂದಲು ಕತ್ತರಿಸುತ್ತಿದ್ದಳು. ಮುಳುಗನ ತಲೆ ಸದಾ ಇಲಿ ಮೇದ ಹಾಗೆ ಇರುತ್ತಿದ್ದುದು ಅದಕ್ಕೇ.

ಗುಂಪಿನವರು ಕೈಗವಸು ಕೇಳಿದ್ದರು. ಒಂದು ಸಲವಲ್ಲ, ವರ್ಷಗಟ್ಟಲೆ. "ಮುಂದಿನ ಆರ್ಡರಿನಲ್ಲಿ ಬರುತ್ತೆ" ಎನ್ನುತ್ತಿದ್ದ ಕಂಟ್ರಾಕ್ಟರ್ ಸಾಹೇಬರ ಮೇಸ್ತ್ರಿ. ಆರ್ಡರು ಯಾವ ದೇಶದಿಂದ ಹೊರಟಿತ್ತೋ, ನಡೆದುಕೊಂಡೇ ಬರುತ್ತಿತ್ತು.

ಒಂದೇ ಒಂದು ದಿನ ಕೈಗವಸು ಬಂತು. ಮೇಲಿನವರು ತಪಾಸಣೆಗೆ ಬಂದ ದಿನ. ಮೊಣಕೈವರೆಗಿನ ದಪ್ಪ ನೀಲಿ ರಬ್ಬರು, ತುದಿಗೆ ಹಳದಿ ಪಟ್ಟಿ. ಜೊತೆಗೆ ಬೂಟು, ಮೂಗಿಗೆ ಮುಖವಾಡ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಮೇಲಿನವರ ಕಾರು ತಿರುವು ದಾಟುವುದರೊಳಗೆ ಮೇಸ್ತ್ರಿ ಎಲ್ಲವನ್ನೂ ವಾಪಸ್ ಕಿತ್ತುಕೊಂಡ. "ಬಾಡಿಗೇದು ಕಣ್ರೋ, ಹರೀಬೇಡಿ" ಎಂದ. ಪಾಸ್ಟ್ರಮ್ಮನ ತಮ್ಮ ಆ ಗುಂಪಿನಲ್ಲಿದ್ದ. ಶೋಕಿಯವನು. ಫೋಟೋಗ್ರಾಫರನಿಗೆ ಗಂಟುಬಿದ್ದು ಒಂದು ಪ್ರತಿ ತೆಗೆಸಿಕೊಂಡ. "ನೋಡಕ್ಕಾ, ಆಕಾಶಕ್ಕೆ ಹೋಗೋವ್ನ ಥರ ಕಾಣ್ತೀನಿ" ಎಂದ.

ಆ ಮಳೆಗಾಲಕ್ಕೆ ಒಂದು ಗುಂಡಿಯಲ್ಲಿ ಗ್ಯಾಸು ತುಂಬಿತ್ತು. ತಮ್ಮ ಇಳಿದ. ಹಗ್ಗ ಅಲ್ಲಾಡಲಿಲ್ಲ. ಮುಳುಗ ಅವನ ಹಿಂದೆ ಇಳಿದ. ಮುಳುಗನನ್ನು ಹಗ್ಗದಲ್ಲಿ ಎಳೆದರು. ತಮ್ಮನನ್ನು ಕೊಕ್ಕೆಯಲ್ಲಿ ಎಳೆದರು. ಕಂಟ್ರಾಕ್ಟರ್ ಸಾಹೇಬರು ಹೂವಿನ ಹಾರ ಕಳಿಸಿದರು. ಹಾರ ದೊಡ್ಡದಾಗಿತ್ತು. ಅದಕ್ಕೆ ಆರ್ಡರು ಕಾಯಬೇಕಾಗಿರಲಿಲ್ಲ.

ತಮ್ಮನ ಒಳ್ಳೆಯ ಫೋಟೋ ಅಂತ ಮನೆಯಲ್ಲಿರುವುದು ಅದೊಂದೇ. ಗೋಡೆಯ ಮೇಲೆ ಅವನು ಇವತ್ತಿಗೂ ಹಳದಿ ಪಟ್ಟಿಯ ಕೈಗವಸು ಹಾಕಿಕೊಂಡು ನಗುತ್ತಿದ್ದಾನೆ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮುಳುಗ ಹೆಂಡತಿಗೆ ಹೇಳಿದ ಮೊದಲ ಮಾತು, "ಕೆಳಗಡೆ ಯಾರೋ ಕರೆದ್ರು ಕಣೇ."

"ಏನಂತ?"

"'ಏಳು' ಅಂತ."

"ಅಷ್ಟೇನಾ?"

"ಅಷ್ಟೇ. ಅಲ್ಲಿ ಉಸಿರಾಡೋಕೇ ಜಾಗ ಇರ್ಲಿಲ್ಲ. ಉದ್ದುದ್ದ ಮಾತಾಡೋಕೆ ಯೇಸಪ್ಪನಿಗೂ ಆಗ್ತಿರ್ಲಿಲ್ಲ."

ಅವಳಿಗೆ ಅಳು ಬರಬೇಕಾದಲ್ಲಿ ನಗು ಬಂತು. ಆಮೇಲೆ ಅಳುವೂ ಬಂತು. ಅವನು ಮತ್ತೆ ಗುಂಡಿಗೆ ಇಳಿಯಲಿಲ್ಲ.

ಮೊದಲ ಅದ್ಭುತ ನಡೆದದ್ದು ಮನೆಯ ಮಾಲೀಕನ ತಾಯಿಯ ಮೇಲೆ. ಮುದುಕಿಗೆ ಬಿಕ್ಕಳಿಕೆ ಹಿಡಿದು ನಿಂತಿರಲಿಲ್ಲ. ಮುಳುಗ ಹಿಂದಿನ ಬಾಗಿಲಿನಿಂದ ಬಂದು, ಹೇಳದೆ ಕೇಳದೆ ಅವಳ ತಲೆಯ ಮೇಲೆ ಕೈ ಇಟ್ಟುಬಿಟ್ಟ. ಆ ಕೈ ತನ್ನ ತಲೆಯ ಮೇಲೆ ಬಂದ ಗಾಬರಿಗೋ, ದೇವರಿಗೋ, ಬಿಕ್ಕಳಿಕೆ ನಿಂತಿತು. ಮುದುಕಿ ಬೀದಿಗೆಲ್ಲ ಸಾರಿದಳು. ತಲೆನೋವಿನವರು ಬಂದರು. ಉಳುಕಿನವರು ಬಂದರು. ಒಂದು ಸಣ್ಣ ಪೆಂಟೆಕೋಸ್ಟಲ್ ಸಭೆಯವರು ಕರೆದು ಬೈಬಲ್ ವಾಕ್ಯ ಕಲಿಸಿದರು, ಕೆರೆಯಲ್ಲಿ ದೀಕ್ಷಾಸ್ನಾನ ಕೊಟ್ಟರು. ಮುಳುಗಿಸಿದ ಹಿರಿಯ ಪಾಸ್ಟರು ಕೈ ಬಿಟ್ಟರೂ ಇವನು ಮೇಲೆ ಬರಲಿಲ್ಲ. ದಡದಲ್ಲಿದ್ದವರು ಕಿರುಚಿಕೊಂಡರು. ಕೊನೆಗೆ ತಲೆ ಎತ್ತಿ, "ಎಷ್ಟು ಚೊಕ್ಕಟ ನೀರು ಅಯ್ಯಾ! ಬರೋಕೆ ಮನಸ್ಸೇ ಬರಲಿಲ್ಲ" ಎಂದ.

ಹೀಗೆ ಮುಳುಗ ಪಾಸ್ಟ್ರಾದರು. ಅವನು ಅವರಾದ.

ಸಭೆ ಕೂಡಿದ್ದು ಒಂದು ಹಳೇ ಟಯರ್ ಶೆಡ್ಡಿನಲ್ಲಿ. ಶೆಡ್ಡು ಕಂಟ್ರಾಕ್ಟರ್ ಸಾಹೇಬರದು. ಪಕ್ಕದಲ್ಲೇ ಕೊಳಚೆ ನೀರಿನ ಪಂಪ್‌ಹೌಸ್ ಇದ್ದುದರಿಂದ ಆ ವಾಸನೆಗೆ ಬೇರೆ ಯಾರೂ ಬಾಡಿಗೆಗೆ ಬರುತ್ತಿರಲಿಲ್ಲ. ಬಂದು ಕೂರುತ್ತಿದ್ದ ಜನಕ್ಕೆ ಅದು ಮನೆಯ ವಾಸನೆ: ಗುಂಡಿಗೆ ಇಳಿಯುವವರು, ಕಸ ಎತ್ತುವವರು, ಹೆಣ ಸಾಗಿಸುವವರು, ಆಸ್ಪತ್ರೆಯ ರಕ್ತದ ಬಟ್ಟೆ ಒಗೆಯುವ ಲಾಂಡ್ರಿ ಅಜ್ಜಿ. ಹೊರಗಡೆ ಇವರನ್ನು ಯಾರೂ ಮುಟ್ಟುತ್ತಿರಲಿಲ್ಲ. ಇಲ್ಲಿ ಒಂದು ಕೈ ಬಂದು ಹಣೆಯ ಮೇಲೆ ಕೂರುತ್ತಿತ್ತು. ಅರ್ಧ ಕಾಯಿಲೆ ಅಷ್ಟಕ್ಕೇ ಹೋಗುತ್ತಿತ್ತು. ಉಳಿದರ್ಧಕ್ಕೆ ಪಾಸ್ಟ್ರೇ ಹೇಳುತ್ತಿದ್ದರು: "ಮಾತ್ರೆ ಬಿಡಬೇಡ್ರಪ್ಪ. ನಾನು ಡಾಕ್ಟರ ಕೈಗೂ ಪ್ರಾರ್ಥನೆ ಮಾಡ್ತೀನಿ."

ಪಾಸ್ಟ್ರ ಕೆಟ್ಟ ಗುಣ ಒಂದೇ. 'ಇಲ್ಲ' ಅನ್ನುವುದು ಅವರ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಯಾರು ಏನು ಕೇಳಿದರೂ "ಆಯ್ತು". ಮನೆಯಲ್ಲಿರುವ 'ಇಲ್ಲ'ಗಳನ್ನೆಲ್ಲ ಹೆಂಡತಿಯೇ ಹೇಳಬೇಕಿತ್ತು.

ಆ ಶನಿವಾರ ಮಧ್ಯಾಹ್ನ ಮೇಸ್ತ್ರಿ ಮನೆಗೆ ಬಂದ. ಬಾಗಿಲಲ್ಲೇ ನಿಂತು, ಒಳಗೆ ಬಾರದೆ, ಒಂದು ರಟ್ಟಿನ ಡಬ್ಬಿ ಹೊಸ್ತಿಲಿನ ಮೇಲಿಟ್ಟ.

"ಪಾಸ್ಟ್ರೇ, ಸಾಹೇಬ್ರಿಗೆ ಬಿಕ್ಕಳಿಕೆ. ವಾರದ ಮೇಲಾಯ್ತು, ನಿಂತಿಲ್ಲ. ದೊಡ್ಡಾಸ್ಪತ್ರೆಗೆ ಹೋದ್ರು, ಮೂಗಲ್ಲಿ ನಳಿಗೆ ಹಾಕಿದ್ರು, ಇಂಜೆಕ್ಷನ್ ಕೊಟ್ರು. ಊಹೂಂ. ಸೋಮವಾರ ಕೌನ್ಸಿಲ್ ಮುಂದೆ ನಿಂತು ಮಾತಾಡ್ಬೇಕು. ಹೊಸ ಕಂಟ್ರಾಕ್ಟು. ಮೂರು ಮಾತಿಗೊಂದು ಬಿಕ್ಕಿದ್ರೆ ಯಾರು ಕೊಡ್ತಾರೆ? ನಿಮ್ಮ ಕೈಯಲ್ಲಿ ಬಿಕ್ಕಳಿಕೆ ನಿಲ್ಲತ್ತಂತಲ್ಲ."

"ದೇವರ ಕೈಯಲ್ಲಿ" ಎಂದರು ಪಾಸ್ಟ್ರು.

"ಅದೇ. ನಾಳೆ ಸಭೆ ಮುಗಿದ್ಮೇಲೆ ಬರ್ತಾರೆ. ಜನ ಯಾರೂ ಇರಬಾರ್ದು. ಮತ್ತೆ..." ಮೇಸ್ತ್ರಿ ಡಬ್ಬಿಯನ್ನು ಕಾಲಿನಿಂದ ಸ್ವಲ್ಪ ಒಳಗೆ ತಳ್ಳಿದ. "ಕೈ ಇಡೋವಾಗ ಇದನ್ನ ಹಾಕ್ಕೋಬೇಕಂತೆ. ಬೇಜಾರು ಮಾಡ್ಕೋಬೇಡಿ. ಸಾಹೇಬ್ರಿಗೆ ಒಂಥರಾ ಆಗತ್ತೆ. ನಿಮ್ಮ ಹಳೇ ಕೆಲಸ ಗೊತ್ತಲ್ಲ ಅವರಿಗೆ."

ಪಾಸ್ಟ್ರಮ್ಮ ಬಗ್ಗಿ ಡಬ್ಬಿ ತೆರೆದಳು. ಮೊಣಕೈವರೆಗಿನ ದಪ್ಪ ನೀಲಿ ರಬ್ಬರು. ತುದಿಗೆ ಹಳದಿ ಪಟ್ಟಿ.

ಅವಳು ಗೋಡೆ ನೋಡಿದಳು. ತಮ್ಮ ನಗುತ್ತಿದ್ದ. ಮತ್ತೆ ಡಬ್ಬಿ ನೋಡಿದಳು.

"ಇದು ಬಾಡಿಗೇದಲ್ವಾ ಮೇಸ್ತ್ರಿ?"

ಮೇಸ್ತ್ರಿ ಜಾಣನಲ್ಲ. ಉಪಕಾರ ಮಾಡುವ ಉತ್ಸಾಹ ಬೇರೆ. "ಬಾಡಿಗೆ ಎಲ್ಲೀದಮ್ಮ? ಗೋಡೌನಲ್ಲಿ ರಾಶಿ ಬಿದ್ದಿದೆ. ತಪಾಸಣೆ ಬಂದಾಗ ಇಳಿಸೋದು, ಹೋದಾಗ ಏರಿಸೋದು. ಇಲಿ ತಿಂತಾ ಇದೆ. ನಿಮಗೆ ಇನ್ನೊಂದು ಜೊತೆ ಬೇಕಾದ್ರೂ..." ಎಂದವನು ಅವಳ ಮುಖ ನೋಡಿ ಮಾತನ್ನು ಅಲ್ಲೇ ನುಂಗಿದ. ಆಮೇಲೆ ಪಾಸ್ಟ್ರ ಕಡೆ ತಿರುಗಿ ಹೇಳಬೇಕಾದ ಕೊನೆಯ ಮಾತನ್ನು ಗಡಿಬಿಡಿಯಲ್ಲಿ ಹೇಳಿದ: "ಕೆಲಸ ಆದ್ರೆ ಶೆಡ್ಡು ನಿಮ್ಮ ಹತ್ರಾನೇ ಇರತ್ತೆ. ಇಲ್ಲಾಂದ್ರೆ ಈ ತಿಂಗಳಿಗೆ ಬೀಗ ಹಾಕ್ತಾರಂತೆ. ನಾನು ಹೇಳಿದ್ದಲ್ಲ, ಅವರು ಹೇಳಿದ್ದು."

ಅವನು ಹೋದ ಮೇಲೆ ಅವಳ ಮೈದುನ ಕೆಲಸದಿಂದ ಬಂದ. ಪಾಸ್ಟ್ರ ತಮ್ಮ. ಅಣ್ಣ ಬಿಟ್ಟ ಗುಂಡಿಗೆ ಈಗ ಅವನೇ ಇಳಿಯುತ್ತಿದ್ದ. ಅಂಗೈಯಲ್ಲಿ ಗಾಜು ಸೀಳಿದ ಗಾಯ ಕೀವಾಗಿತ್ತು. ಅತ್ತಿಗೆ ಬಿಸಿನೀರಿನಲ್ಲಿ ಅದನ್ನು ತೊಳೆಯುವಾಗ ಅವನು ಡಬ್ಬಿ ನೋಡಿದ. ಕೇಳಿದ. ಅವಳು ಹೇಳಿದಳು. ಅವನು ಬಾಯಿ ತುಂಬ ನಕ್ಕ.

"ಅಂದ್ರೆ ಅತ್ತಿಗೇ, ಊರಿನ ಹೇಲಿಗಿಂತ ಆ ಸಾಹೇಬನ ತಲೆ ನಾಜೂಕಾ? ಅದಕ್ಕೆ ಗ್ಲೌಸು, ಇದಕ್ಕೆ ಬರಿಗೈ?"

"ನಗಬೇಡ, ಕೈ ಅಲ್ಲಾಡತ್ತೆ" ಎಂದಳು. ಆದರೆ ಅವಳ ಕಣ್ಣು ಗಂಡನ ಮೇಲಿತ್ತು. "ರೀ, ನೀವು ಏನಂದ್ರಿ ಅವನಿಗೆ?"

"ಆಯ್ತು ಅಂದೆ."

"ಗ್ಲೌಸು ಹಾಕ್ಕೋತೀರಾ?"

ಪಾಸ್ಟ್ರು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಅಷ್ಟು ಜನಕ್ಕೆ ಕೂತು ಹಾಡೋಕೆ ಬೇರೆ ಜಾಗ ಎಲ್ಲಿದೆ ಹೇಳು. ಬಂದೋನು ರೋಗಿ. ರೋಗಿ ಮೇಲೆ ಎಂಥ ಸಿಟ್ಟು?"

"ನೀವು ಅದನ್ನ ಹಾಕ್ಕೊಂಡ್ರೆ, ನಾನು ಆ ಫೋಟೋ ಇಳಿಸ್ತೀನಿ. ಅವನಿಗೆ ಕೊಡದೆ ಇದ್ದದ್ದನ್ನ ಹಾಕ್ಕೊಂಡು ನೀವು ಮನೆ ಒಳಗೆ ಬಂದ್ರೆ ನನಗೆ ಅವನ ಮುಖ ನೋಡೋಕಾಗಲ್ಲ."

ಪಾಸ್ಟ್ರು ಡಬ್ಬಿ ಮುಚ್ಚಿದರು. ಅವರು ಏನೂ ಹೇಳದಿದ್ದರೆ 'ಆಯ್ತು' ಎಂದೇ ಅರ್ಥ. ಆದರೆ ಯಾರಿಗೆ ಆಯ್ತು ಎಂದರು, ಅದು ತಿಳಿಯಲಿಲ್ಲ.

ಭಾನುವಾರ ಸಭೆ ಮುಗಿಯಿತು. ಕೊನೆಯ ಆಮೆನ್ ಆದ ಕೂಡಲೇ ಪಾಸ್ಟ್ರಮ್ಮ ಬಾಗಿಲಿಗೆ ಅಡ್ಡ ನಿಂತಳು. "ಯಾರೂ ಎದ್ದು ಹೋಗ್ಬೇಡಿ. ಇನ್ನೊಂದು ಪ್ರಾರ್ಥನೆ ಬಾಕಿ ಇದೆ." ಜನ ಮತ್ತೆ ಚಾಪೆಗೆ ಕೂತರು. ಲಾಂಡ್ರಿ ಅಜ್ಜಿ ನಶ್ಯ ಬಿಟ್ಟು ವರ್ಷಗಳಾಗಿದ್ದರೂ ಅಭ್ಯಾಸಬಲದಿಂದ ಮೂಗು ಉಜ್ಜಿಕೊಂಡು, "ಯಾರಿಗಮ್ಮ?" ಎಂದಳು.

ಉತ್ತರ ಬಾಗಿಲಲ್ಲೇ ಬಂತು.

"ಹಿಕ್."

ಕಂಟ್ರಾಕ್ಟರ್ ಸಾಹೇಬರು. ಬಿಳಿ ಅಂಗಿ, ಮೂಗಿಗೆ ಕರವಸ್ತ್ರ. ಹಿಂದೆ ಮೇಸ್ತ್ರಿ.

"ಜನ ಇರಬಾರ್ದು ಅಂದಿ... ಹಿಕ್... ದ್ದೆ."

"ಇವರ್‍ಯಾರೂ ಜನ ಅಲ್ಲ ಸಾಹೇಬ್ರೇ" ಎಂದಳು ಪಾಸ್ಟ್ರಮ್ಮ. "ನಿಮ್ಮ ಕೆಲಸದವರೇ."

ಚಾಪೆಯ ಮೇಲೆ ಯಾರೋ ಕಿಸಕ್ಕೆಂದರು. ಸಾಹೇಬರು ಗಡಿಯಾರ ನೋಡಿಕೊಂಡರು, ಜನರನ್ನು ನೋಡಿದರು, ಮತ್ತೆ ಬಿಕ್ಕಿದರು. ಬಿಕ್ಕಳಿಕೆ ಗತ್ತನ್ನು ಉಳಿಸುವುದಿಲ್ಲ. ಭುಜ ಎಗರುತ್ತದೆ, ಗಲ್ಲ ಕುಣಿಯುತ್ತದೆ. ವರ್ಷಾನುಗಟ್ಟಲೆ ಅವರೆದುರು ತಲೆ ತಗ್ಗಿಸಿದ್ದವರು ಅವತ್ತು ತಲೆ ಎತ್ತಿ ನೋಡಿದರು. ನೋಡುವಂತಿತ್ತು.

"ಬೇಗ ಮುಗಿಸಿ. ಹಿಕ್. ಗ್ಲೌಸು ಎಲ್ಲಿ?"

ಪಾಸ್ಟ್ರು ಡಬ್ಬಿ ತೆರೆದರು. ಕೈಗವಸು ಎರಡನ್ನೂ ತೆಗೆದು ಹಿಡಿದುಕೊಂಡರು. ಒಳಗೆ ಊದಿದರು, ಬೆರಳು ಬಿಡಿಸಿದರು. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡಸು ಮುಂದಿನ ಕ್ಷಣ ಏನು ಮಾಡುತ್ತಾನೆಂದು ಗೊತ್ತಿಲ್ಲದೆ ನಿಲ್ಲುವುದು ಪಾಸ್ಟ್ರಮ್ಮನಿಗೆ ಇದೇ ಮೊದಲು.

ಪಾಸ್ಟ್ರು ತಮ್ಮನನ್ನು ಕರೆದರು. "ಬಾರೋ ಇಲ್ಲಿ."

ಮೈದುನ ಎದ್ದು ಬಂದ. ಪಾಸ್ಟ್ರು ಅವನ ಗಾಯದ ಕೈ ಹಿಡಿದು, ಮಗುವಿಗೆ ಅಂಗಿ ತೊಡಿಸುವ ಹಾಗೆ, ಒಂದೊಂದೇ ಬೆರಳು ನೋಡಿಕೊಂಡು, ಕೈಗವಸು ತೊಡಿಸಿದರು. ಒಂದು ಕೈಗೆ. ಇನ್ನೊಂದು ಕೈಗೆ. ಹಳದಿ ಪಟ್ಟಿಯನ್ನು ಮೊಣಕೈಗೆ ಎಳೆದು ಸರಿ ಮಾಡಿದರು.

"ಸಾಹೇಬ್ರೇ, ಇದು ಇವನ ಕೈಗೆ ಮಾಡಿದ್ದು. ನಿಮ್ಮ ತಲೆಗಲ್ಲ." ದನಿ ಎಂದಿನಂತೆಯೇ ಮೆತ್ತಗಿತ್ತು. "ನನ್ನ ಹತ್ರ ಇರೋದು ಬರೀ ಕೈ. ನೀವೇ ಕೊಟ್ಟಿದ್ದು. ಇಷ್ಟು ವರ್ಷ ಗ್ಲೌಸು ಕೊಡದೆ, ಬರೀ ಕೈಯಲ್ಲೇ ಇಳಿ ಅಂದಿದ್ದು ನೀವು. ಅದೇ ಕೈ ಇದು. ಬೇಕಾದ್ರೆ ತಲೆ ಕೊಡಿ. ಬೇಡವಾದ್ರೆ ಇಲ್ಲ."

ಇಲ್ಲ. ಪಾಸ್ಟ್ರಮ್ಮ ಕಿವಿಯಾರೆ ಕೇಳಿದಳು. ಸಭೆಯಲ್ಲಿ ಆತ್ಮ ಮೈಮೇಲೆ ಬಂದು ಅನ್ಯಭಾಷೆಯಲ್ಲಿ ಮಾತಾಡುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಗಂಡನ ಬಾಯಲ್ಲಿ ಇಂಥ ಭಾಷೆ ಕೇಳಿರಲಿಲ್ಲ.

"ಶೆಡ್ಡಿಗೆ ಬೀಗ ಹಾ... ಹಿಕ್... ಹಾ... ಹಿಕ್..."

"ಹಾಕಿಸಿ. ರಸ್ತೆ ಇದೆಯಲ್ಲ. ಮ್ಯಾನ್‌ಹೋಲ್ ಸುತ್ತ ಕೂತು ಹಾಡ್ತೀವಿ. ನಮಗೆ ಪರಿಚಯದ ಜಾಗಾನೇ."

ಸಾಹೇಬರು ತಿರುಗಿದರು. ಎರಡು ಹೆಜ್ಜೆ ಹೋದರು. ಬಿಕ್ಕಳಿಕೆ ಬೆನ್ನಿಗೆ ಗುದ್ದಿದ ಹಾಗೆ ಬಂತು. ನಿಂತರು. ನಾಳೆಯ ಕೌನ್ಸಿಲ್ಲು ಕಣ್ಣ ಮುಂದೆ ಬಂದಿರಬೇಕು. ವಾಪಸ್ ಬಂದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ತಲೆ ಬಗ್ಗಿಸಿದರು. ಕಹಿ ಔಷಧ ಕುಡಿಯುವ ಮಗುವಿನ ಮುಖ.

ಪಾಸ್ಟ್ರಮ್ಮ ಅಭ್ಯಾಸದಂತೆ ಬಂದು ಅವರ ಹಿಂದೆ ನಿಂತಳು. ಒಂದು ಕಾಲು ಮುಂದೆ, ಒಂದು ಹಿಂದೆ. ಸಾಹೇಬರು ಹಿಂತಿರುಗಿ ನೋಡಿದರು.

"ನೀನ್ಯಾಕೆ ಇಲ್ಲಿ?"

"ನೀವು ಬಿದ್ರೆ ಹಿಡಿಯೋಕೆ."

"ನಾನು ಬೀಳೋ ಪೈಕಿ ಅಲ್ಲ. ಹಿಕ್. ಅವನ ಕೈ ಒಂದೇ ಸಾಕು. ಕಕ್ಕಸು ತೊಳೆಯೋ ಕೈ ಬೇರೆ ನನಗೆ ಬೇಡ. ಮುಟ್ಟ... ಹಿಕ್... ಬೇಡ. ಆಚೆ ನಿಲ್ಲು!"

ಎಷ್ಟು ಮೈಗಳನ್ನು ಹಿಡಿದಿದ್ದಳು ಅವಳು. ಬೆವರಿನ ಮೈ, ಹುಣ್ಣಿನ ಮೈ, ಕುಡಿದ ಮೈ. ಒಂದನ್ನೂ ನೆಲಕ್ಕೆ ಬಿಟ್ಟಿರಲಿಲ್ಲ. ಹಿಡಿಯಬೇಡ ಎಂದವರು ಇವರೇ ಮೊದಲು.

"ಆಯ್ತು ಸಾಹೇಬ್ರೇ" ಎಂದಳು. "ಮುಟ್ಟಲ್ಲ."

ಪಕ್ಕಕ್ಕೆ ಸರಿದಳು. ಕೈ ಕಟ್ಟಿಕೊಂಡಳು. ಹಿಂದಿನ ಚಾಪೆಯನ್ನು ಕಾಲಿನಿಂದ ಸ್ವಲ್ಪ ಆಚೆ ಸರಿಸಿದಳೋ ಇಲ್ಲವೋ, ಅದರ ಬಗ್ಗೆ ಸಭೆಯಲ್ಲಿ ಈಗಲೂ ಎರಡು ಅಭಿಪ್ರಾಯವಿದೆ.

ಪಾಸ್ಟ್ರು ಹಣೆಯ ಮೇಲೆ ಕೈ ಇಟ್ಟರು. ಬರಿಗೈ. "ಬಿಟ್ಟು ಹೋಗು!"

ಜನರನ್ನು ಬೀಳಿಸುವುದು ಆತ್ಮವೋ ಗಂಡನ ಹೆಬ್ಬೆರಳೋ, ಇಷ್ಟು ವರ್ಷದಲ್ಲಿ ಅವಳು ನೋಡಿರಲಿಲ್ಲ. ಹಿಡಿಯುವವರಿಗೆ ಕಾಣುವುದು ಬೆನ್ನು ಮಾತ್ರ. ಅವತ್ತು ಪಕ್ಕದಿಂದ ನೋಡಿದಳು. ಹೆಬ್ಬೆರಳು ಅಲ್ಲಾಡಿದಂತೆ ಕಾಣಲಿಲ್ಲ. ಸಾಹೇಬರು ಮಾತ್ರ ಅಲ್ಲಾಡಿದರು. ಹಿಂದಕ್ಕೆ ವಾಲಿದರು. ವಾಲಿದ ಮೇಲೆ ಹಿಂದೆ ಯಾರೂ ಇಲ್ಲ ಎನ್ನುವುದು ನೆನಪಾಯಿತು. ಕಣ್ಣು ಅರಳಿತು. ಬಾಯಿ ತೆರೆಯಿತು. ಎರಡೂ ಕೈ ಗಾಳಿಯಲ್ಲಿ ಅವಳನ್ನೇ ಹುಡುಕಿದವು.

"ಹಿಡ್ಕೋ... ಹಿಡ್ಕೊಳ್ಳೇ!"

ಅವಳು ಹಿಡಿಯಲಿಲ್ಲ.

ದೊಪ್ಪನೆ ಕೂತರು. ಕಾಂಕ್ರೀಟಿನ ಮೇಲೆ, ಸರಿಯಾಗಿ ಕೂರುವ ಜಾಗದ ಮೇಲೆಯೇ. ಶೆಡ್ಡಿನ ತಗಡು ಗಣಗಣ ಎಂದಿತು. ಆಮೇಲೆ ಒಂದೇ ಒಂದು ಸದ್ದಿಲ್ಲ.

ಎಲ್ಲರೂ ಕಾದರು. ಸಾಹೇಬರೂ ಕಾದರು, ಒಂದು ಬೆರಳು ಮೇಲೆತ್ತಿಕೊಂಡು. ಬರಬೇಕಾದ ಬಿಕ್ಕಳಿಕೆ ಬರಲಿಲ್ಲ. ಮತ್ತೂ ಬರಲಿಲ್ಲ.

"ನಿಂತೋಯ್ತು!" ಎಂದ ಮೇಸ್ತ್ರಿ.

"ಹಲ್ಲೆಲೂಯಾ!" ಎಂದು ಹಮಾಲಿ ಕೂಗಿ, ಕೂಗಿದ ರಭಸಕ್ಕೆ ತಾನೇ ಬಿದ್ದ. ಅವನನ್ನು ಮಾತ್ರ ಪಾಸ್ಟ್ರಮ್ಮ ಓಡಿಹೋಗಿ ಹಿಡಿದಳು.

ಸಾಹೇಬರು ಪ್ಯಾಂಟು ಕೊಡವಿಕೊಂಡು ಬಾಗಿಲ ಕಡೆ ಹೊರಟರು. ಲಾಂಡ್ರಿ ಅಜ್ಜಿ ಎದ್ದು ನಿಂತಳು. "ಸಾಹೇಬ್ರೇ, ಸಾಕ್ಷಿ?"

"ಎಂಥ ಸಾಕ್ಷಿ?"

"ವಾಸಿಯಾದವರು ಮೈಕಿನಲ್ಲಿ ಸಾಕ್ಷಿ ಹೇಳ್ಬೇಕು. ಹೇಳದೆ ಹೋದ್ರೆ ರೋಗ ಗೇಟಿನ ಹತ್ರಾನೇ ಕಾದಿರತ್ತೆ. ನನ್ನ ಮಂಡಿನೋವಿಗೆ ಹಂಗೇ ಆಗಿತ್ತು. ಗೇಟು ದಾಟಿದ್ದೇ ತಡ, ಹತ್ಕೊಂಡ್ಬಿಡ್ತು."

ಇದು ಯಾವ ವಾಕ್ಯದಲ್ಲೂ ಇಲ್ಲ, ಈ ಶೆಡ್ಡಿನವರ ಸ್ವಂತ ನಂಬಿಕೆ. ಪಾಸ್ಟ್ರು ಬೇಡವೆಂದು ಎಷ್ಟೋ ಸಲ ಹೇಳಿದ್ದರು. ಅವತ್ತು ಯಾಕೋ ಸುಮ್ಮನಿದ್ದರು. ಸಾಹೇಬರು ಗೇಟು ನೋಡಿದರು. ಬಂದು ಮೈಕು ಹಿಡಿದರು. ಶೆಡ್ಡಿನ ಮೇಲಿನ ಧ್ವನಿವರ್ಧಕ ರಸ್ತೆಯ ಕೊನೆಯವರೆಗೆ ಕೇಳುತ್ತಿತ್ತು.

"ನನ್ನ ಬಿಕ್ಕಳಿಕೆ ನಿಂತಿದೆ. ಧನ್ಯವಾದ."

"ಅಷ್ಟು ಸಾಲಲ್ಲ" ಎಂದಳು ಅಜ್ಜಿ. "ಏನು ಬಿಟ್ರಿ ಅದು ಹೇಳ್ಬೇಕು. ನಾನು ನಶ್ಯ ಬಿಟ್ಟೆ. ಇವನು ಸಾರಾಯಿ ಬಿಟ್ಟ. ನೀವೇನು ಬಿಡ್ತೀರಾ?"

ಮೈದುನ ನೀಲಿ ಕೈ ಎರಡನ್ನೂ ಮೇಲೆತ್ತಿದ. "ಗೋಡೌನಿನ ಬೀಗ ಬಿಡ್ಲಿ!"

"ಆಮೆನ್!" ಎಂದಿತು ಇಡೀ ಶೆಡ್ಡು.

ಸಾಹೇಬರು ಮೇಸ್ತ್ರಿಯನ್ನು ಕಣ್ಣಿನಲ್ಲೇ ಸುಟ್ಟರು. ಮೇಸ್ತ್ರಿ ತಗಡಿನ ಸೂರು ನೋಡಿದ. ಗಂಟಲಿನಲ್ಲಿ ಏನೋ ಮಿಸುಕಿದ ಹಾಗಾಯಿತೋ ಏನೋ, ಸಾಹೇಬರು ಅವಸರದಲ್ಲಿ ಹೇಳಿಬಿಟ್ಟರು: "ಆಯ್ತು. ನಾಳೆಯಿಂದ ಎಲ್ಲರಿಗೂ ಗ್ಲೌಸು, ಮಾಸ್ಕು, ಬೂಟು. ಸಾಕಾ?" ರಸ್ತೆಯೆಲ್ಲ ಕೇಳಿಸಿಕೊಂಡಿತು. ಅವರು ಗೇಟನ್ನು ಓಡುತ್ತಲೇ ದಾಟಿದರು.

ಸೋಮವಾರ ಬೆಳಗ್ಗೆ ಮಾರ್ಕೆಟ್ ರಸ್ತೆಯ ಮ್ಯಾನ್‌ಹೋಲು ಉಕ್ಕಿತ್ತು. ಗುಂಪು ಬಂದು ಮುಚ್ಚಳ ತೆಗೆದು ನಿಂತಿತ್ತು. ಪಾಸ್ಟ್ರಮ್ಮ ಆಸ್ಪತ್ರೆಗೆ ಹೊರಟವಳು ಅಲ್ಲೇ ನಿಂತಳು. ಮೇಸ್ತ್ರಿ ಬರಿಗೈಯಲ್ಲಿ ಬಂದ.

"ಗ್ಲೌಸು?" ಎಂದ ಮೈದುನ.

"ಬರತ್ತೆ ಕಣಪ್ಪ. ಸಾಹೇಬ್ರ ಮೀಟಿಂಗ್ ಮುಗೀಲಿ. ಮುಂದಿನ ಆರ್ಡರಿನಲ್ಲಿ... ಇವತ್ತೊಂದಿನ ಇಳೀರಿ. ನಿನ್ನ ಹತ್ರ ಹೆಂಗೂ ಇದ್ಯಲ್ಲ, ನೀನೇ ಇಳಿ."

ಮೈದುನ ತನ್ನ ಕೈ ನೋಡಿಕೊಂಡ. ಪಕ್ಕದಲ್ಲಿ ನಿಂತವರ ಕೈಗಳನ್ನು ನೋಡಿದ. ಕೈಗವಸು ಬಿಚ್ಚಿ ಅತ್ತಿಗೆಯ ಕೈಗೆ ಕೊಟ್ಟ.

"ಈಗ ನನ್ನ ಹತ್ರಾನೂ ಇಲ್ಲ. ಇಳಿಯಲ್ಲ."

"ಇಳಿಯಲ್ಲ" ಎಂದ ಅವನ ಪಕ್ಕದವನು. ಎಲ್ಲರೂ ಹೇಳಿದರು. ಕೆಲವರಿಗೆ ಆ ಮಾತು ನಾಲಗೆಗೆ ಹೊಸದು, ಎರಡೆರಡು ಸಲ ಹೇಳಿ ನೋಡಿದರು. ಇಬ್ಬರು ಸೇರಿ ಮುಚ್ಚಳವನ್ನು ಉರುಳಿಸಿ ಗುಂಡಿ ಮುಚ್ಚಿದರು. ಪಾಸ್ಟ್ರಮ್ಮ ಕೈಗವಸನ್ನು ಮಡಿಲಲ್ಲಿಟ್ಟುಕೊಂಡು ಆ ಮುಚ್ಚಳದ ಮೇಲೆ ಕೂತಳು. ಕಬ್ಬಿಣ ತಣ್ಣಗಿತ್ತು. ಸೊಂಟ ನೋಯುತ್ತಲೇ ಇತ್ತು. ಆದರೂ ಕೂತದ್ದು ಹಿತವಾಗಿತ್ತು.

"ಏಳಮ್ಮ, ನೀರು ಅಂಗಡಿಗೆಲ್ಲ ನುಗ್ತಾ ಇದೆ!"

"ನುಗ್ಗಲಿ. ಊರಿಗೂ ಸ್ವಲ್ಪ ದೀಕ್ಷಾಸ್ನಾನ ಆಗ್ಲಿ."

ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ಸಾಹೇಬರಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ದನಿ ಗುಡುಗಿತು. ಕೌನ್ಸಿಲ್ ಬಾಗಿಲಲ್ಲಿದ್ದೀನಿ, ಯಾವನು ಇಳಿಯಲ್ಲ ಅಂದಿದ್ದು, ಎಲ್ಲರನ್ನೂ ಕಿತ್ತು ಬಿಸಾಕ್ತೀನಿ, ಗ್ಲೌಸು ಅಂತೆ ಗ್ಲೌಸು, ಯಾರಪ್ಪನ ಮನೆ...

ದನಿ ನಿಂತಿತು.

ಮಾರ್ಕೆಟ್ ರಸ್ತೆ ಕಿವಿಗೊಟ್ಟಿತು.

"ಹಿಕ್."

ಮೊದಲು ನಕ್ಕವನು ಮೈದುನ. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಹೇಳುವಂತಿರಲಿಲ್ಲ. ಚಹಾದಂಗಡಿಯವನೂ ಲೋಟ ಹಿಡಿದುಕೊಂಡೇ ನಕ್ಕ. ಮೇಸ್ತ್ರಿ ಫೋನಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಬಗ್ಗಿದ.

"ಪಾಸ್ಟ್ರಮ್ಮಾ... ಪಾಸ್ಟ್ರು ಮನೇಲಿದ್ದಾರಾ?"

"ಇದ್ದಾರೆ."

"ಸ್ವಲ್ಪ ಕರೀತೀರಾ?"

"ಅವರೇನು ಬರ್ತಾರೆ ಬಿಡು. ಆದ್ರೆ ಹಿಡಿಯೋಳು ನಾನು." ಅವಳು ಮುಚ್ಚಳದ ಮೇಲೆ ಇನ್ನಷ್ಟು ಸರಿಯಾಗಿ ಕೂತಳು. "ಗೋಡೌನ್ ತೆಗ್ಸಿ ಬಾ. ಅಲ್ಲೀವರೆಗೂ ನಿಮ್ಮ ಸಾಹೇಬ್ರು ನಿಂತ್ಕೊಂಡೇ ಬಿಕ್ಕಲಿ."